ಇಂಜೆಕ್ಷನ್ ಹಾಕಿಸಿದ ಹಳೇ ಗಾಡಿ ಬಿಸಿಲಿಗೆ ನಿಂತರೆ: ಪೆಟ್ರೋಲ್ ಲೈನಿನ ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಗಾಡಿಗಳ ದೂರು ಹೆಚ್ಚುಕಡಿಮೆ ಒಂದೇ. ಕಾರ್ಬುರೇಟರ್ ತೆಗೆದು ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆ) ಹಾಕಿಸಿದ ಮಾರುತಿ ಜಿಪ್ಸಿ ಬೆಳಿಗ್ಗೆ ಅರ್ಧ ಸೆಲ್ಫ್ ಹೊಡೆತಕ್ಕೇ ಎದ್ದು ಕೂರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಪಿಕಪ್ ಹೋಗುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ, ಆಮೇಲೆ ಆಫ್. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಓಡುತ್ತದೆ. ಮಾಲೀಕರು ಅಷ್ಟರಲ್ಲಿ ಬಾನೆಟ್ ಕೆಳಗಿನ ಸಾಮಾನೆಲ್ಲ ಬದಲಾಯಿಸಿ ಮುಗಿಸಿರುತ್ತಾರೆ: ಪ್ಲಗ್ಗು, ಕಾಯಿಲ್, ಇಂಜೆಕ್ಟರ್, ಕೆಲವರು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂಡ.

ನಾನು ಹೇಳುವುದು ಇಷ್ಟೇ. ಈ ಕಾಯಿಲೆ ಹತ್ತರಲ್ಲಿ ಎಂಟು ಗಾಡಿಗಳಲ್ಲಿ ಬಾನೆಟ್ ಕೆಳಗೆ ಇರುವುದಿಲ್ಲ, ಪಂಪಿನ ಹಿಂದೆ ಇರುತ್ತದೆ. ಟ್ಯಾಂಕಿನಿಂದ ಪಂಪಿನ ಬಾಯಿಯವರೆಗಿನ ಆ ಎರಡು ಮೂರು ಅಡಿಯನ್ನು ಸರಿಮಾಡಿದರೆ ಮುಂದಿನದು ತಾನಾಗಿ ಸರಿಹೋಗುತ್ತದೆ.

ಇಲ್ಲಿ ಉದಾಹರಣೆಗೆ ಹಳೇ ಜಿಪ್ಸಿಯನ್ನೇ ಇಟ್ಟುಕೊಳ್ಳುತ್ತೇನೆ. 1985ರಲ್ಲಿ ಬಂದ 970 ಸಿಸಿ ಕಾರ್ಬುರೇಟರ್ ಎಂಜಿನ್ ತೆಗೆದು, ಎಸ್ಟೀಮ್‌ನಿಂದಲೋ ಹೊಸ ಜಿಪ್ಸಿಯಿಂದಲೋ ಬಿಚ್ಚಿದ 16 ವಾಲ್ವಿನ ಜಿ13ಬಿಬಿ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಎಂಜಿನ್ ಕೂರಿಸುವುದು ನಮ್ಮಲ್ಲಿ ಎಲ್ಲರೂ ಬಲ್ಲ ಕೆಲಸ. ಮಾರುತಿ 800, ಓಮ್ನಿ, ಹಳೇ ಪೆಟ್ರೋಲ್ ಜೀಪು, ಯಾವುದಾದರೂ ಲೆಕ್ಕ ಅದೇ. ಅಂದಹಾಗೆ, ಎಂಜಿನ್ ಬದಲಿಸಿದವರು ಆರ್‌ಟಿಒದಲ್ಲಿ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಂಡಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಮಾಷೆಯಲ್ಲ.

ಪೆಟ್ರೋಲ್ ಎಲ್ಲಿ ಕುದಿಯುತ್ತದೆ

ಕಾರ್ಬುರೇಟರ್ ಗಾಡಿಯಲ್ಲಿ ಎಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ಇರುತ್ತಿತ್ತು. ಅದರ ಒತ್ತಡ 3ರಿಂದ 5 ಪಿಎಸ್‌ಐ. ಬಿಸಿ ಎಂಜಿನ್ ಮೇಲೆ ಕೂತು ಪೆಟ್ರೋಲನ್ನು ಟ್ಯಾಂಕಿನಿಂದ ಅಷ್ಟು ದೂರ ಹೀರಬೇಕಿತ್ತು. ಹೀರುವ ಕಡೆ ಒತ್ತಡ ಇಳಿದಷ್ಟೂ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಅದಕ್ಕೇ ಘಾಟಿ ಹತ್ತುವಾಗ ಅಂಬಾಸಿಡರ್, ಪದ್ಮಿನಿ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು.

ಇಂಜೆಕ್ಷನ್‌ನಲ್ಲಿ ಪಂಪಿನಿಂದ ಮುಂದಕ್ಕೆ ಸುಮಾರು 3 ಬಾರ್ ಒತ್ತಡ ಇರುತ್ತದೆ, ಅಂದರೆ 43 ಪಿಎಸ್‌ಐ ಆಸುಪಾಸು. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಬಾನೆಟ್ ಕೆಳಗಿನ ಬಿಸಿಗೂ ಸುಲಭಕ್ಕೆ ಕುದಿಯುವುದಿಲ್ಲ. ಆದರೆ ಪಂಪಿನ ಹಿಂದೆ ಒತ್ತಡ ಬರೀ ಗಾಳಿಯದ್ದು. ಪೈಪು ಸಣ್ಣದಾಗಿದ್ದರೆ, ಫಿಲ್ಟರ್ ಕಟ್ಟಿದ್ದರೆ ಅದಕ್ಕಿಂತಲೂ ಕಡಿಮೆ. ಪೆಟ್ರೋಲ್‌ನ ಹಗುರವಾದ ಅಂಶಗಳು 35–40 ಡಿಗ್ರಿಗೇ ಆವಿಯಾಗತೊಡಗುತ್ತವೆ. ಟ್ಯಾಂಕಿನೊಳಗಿನ ಪೆಟ್ರೋಲ್ 50 ದಾಟಿತೆಂದರೆ, ಹೀರುವ ಕಡೆ ಸ್ವಲ್ಪ ಅಡ್ಡಿ ಇದ್ದರೂ ಪಂಪಿನ ಬಾಯಲ್ಲಿ ಗುಳ್ಳೆ ಏಳುತ್ತದೆ. ಈ ಪಂಪುಗಳು ತಳ್ಳುವುದಕ್ಕೆ ಮಾಡಿದಂಥವು, ಹೀರುವುದಕ್ಕಲ್ಲ. ಗುಳ್ಳೆ ನುಂಗಿದ ಪಂಪು ಒತ್ತಡ ಕಟ್ಟಲಾರದು. ಜೊತೆಗೆ ಪೆಟ್ರೋಲೇ ಅದಕ್ಕೆ ತಂಪು ಕೊಡುವುದರಿಂದ ತಾನೂ ಕಾಯುತ್ತದೆ, ಇನ್ನಷ್ಟು ಗುಳ್ಳೆ ಎಬ್ಬಿಸುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ತೊಂದರೆ ಕೊಡದ ಗಾಡಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಬಿಸಿಗೆ ಕೈಕೊಡಬಹುದು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಕುದಿಯುವುದು ಬೇಗ.

ಹಂತ 1: ಬಿಚ್ಚುವ ಮೊದಲು ಗೇಜ್ ಹಾಕಿ

ಬೇಕಾದ ಸಾಮಾನು: 0–7 ಬಾರ್‌ನ ಪ್ರೆಷರ್ ಗೇಜ್ ಮತ್ತು ಟಿ-ಜಾಯಿಂಟ್, ಮಲ್ಟಿಮೀಟರ್, ಇನ್‌ಫ್ರಾರೆಡ್ ಥರ್ಮಾಮೀಟರ್, ಅಳತೆ ಗುರುತಿರುವ ಡಬ್ಬ, ಬೆಂಕಿ ಆರಿಸುವ ಸಿಲಿಂಡರ್. ಕೊನೆಯದನ್ನು ಓದಿ ಮುಂದೆ ಹೋಗಬೇಡಿ, ತಂದಿಟ್ಟುಕೊಳ್ಳಿ. ಲೈನ್ ಬಿಚ್ಚುವ ಮೊದಲು ಎಂಜಿನ್ ತಣ್ಣಗಿರಲಿ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿದರೆ ಲೈನಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಬೀಡಿ, ಸಿಗರೇಟು, ಹತ್ತಿರದಲ್ಲಿ ಗ್ರೈಂಡರ್ ಯಾವುದೂ ಬೇಡ.

ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಹೋಗುವ ಹೋಸಿನಲ್ಲಿ ಟಿ ಹಾಕಿ ಗೇಜ್ ಕೂರಿಸಿ. ಗೇಜಿನ ಹೋಸನ್ನು ಬಾನೆಟ್ ಹಿಂದಿನ ಸಂದಿಯಿಂದ ಹೊರತಂದು, ಗೇಜನ್ನು ಮುಂದಿನ ಗಾಜಿಗೆ ಹೊರಗಿನಿಂದ ಟೇಪ್ ಹಾಕಿ ಅಂಟಿಸಿ. ಕ್ಯಾಬಿನ್ ಒಳಗೆ ಪೆಟ್ರೋಲ್ ಇರುವ ಹೋಸ್ ತರಬೇಡಿ. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಬಿಸಿಲಲ್ಲಿ ಗಾಡಿ ಓಡಿಸಿ, ತೊಂದರೆ ಬರುವವರೆಗೆ. ಟ್ಯಾಂಕ್ ಕಾಲುಭಾಗ ಮಾತ್ರ ತುಂಬಿರಲಿ. ಕಾಯಿಲೆ ಕಾಣಿಸಿಕೊಳ್ಳುವುದು ಆಗಲೇ.

ಹಂತ 2: ಮುಳ್ಳು ಏನು ಹೇಳುತ್ತದೆ

ಗಾಡಿ ಸಾಯುವ ಹೊತ್ತಿನಲ್ಲಿ ಮುಳ್ಳು 3 ಬಾರ್ ಹತ್ತಿರವೇ ಗಟ್ಟಿಯಾಗಿ ನಿಂತಿದ್ದರೆ ಪೆಟ್ರೋಲ್ ತಪ್ಪಿಲ್ಲ. (ಲೈನಿನ ಒತ್ತಡ ಹದದಲ್ಲಿಡುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪಿದ್ದರೆ ಐಡಲ್‌ನಲ್ಲಿ ಅರ್ಧ ಬಾರ್‌ನಷ್ಟು ಕಡಿಮೆ ತೋರಿಸುವುದು ಸಹಜ.) ಕಾಯ್ದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್, ಡಿಸ್ಟ್ರಿಬ್ಯೂಟರಿನೊಳಗಿನ ಮಾಡ್ಯೂಲ್, ಇವು ಕೊಡುವ ಲಕ್ಷಣವೂ ಥೇಟ್ ಇದೇ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ನೋಡಿ, ಈ ಬರಹವನ್ನು ಇಲ್ಲಿಗೇ ಮುಚ್ಚಿ.

ಮುಳ್ಳು ನಿಧಾನಕ್ಕೆ ಇಳಿಯುತ್ತ, ಇಳಿಯುವಾಗ ನಡುಗುತ್ತಿದ್ದರೆ ಪಂಪಿಗೆ ಗುಳ್ಳೆ ಬರುತ್ತಿದೆ. ಇದರ ಜೊತೆ ಪಂಪಿನ ದನಿಯೂ ಬದಲಾಗುತ್ತದೆ: ಒಂದೇ ಸಮನೆ ಗುಂಯ್‌ಗುಡುತ್ತಿದ್ದದ್ದು ಕೀರಲಾಗಿ, ನಡುನಡುವೆ ಜಲ್ಲಿ ಅರೆದ ಹಾಗೆ ಕರಕರ ಅನ್ನುತ್ತದೆ. ಹಿಂದಿನ ಚಕ್ರದ ಹತ್ತಿರ ಕೂತು ಕೇಳಿದರೆ ಗೇಜ್ ನೋಡುವುದೇ ಬೇಡ.

ಮುಳ್ಳು ನಡುಗದೆ, ಎಕ್ಸಲೇಟರ್ ಒತ್ತಿದಾಗ ಮಾತ್ರ ಇಳಿದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಪಂಪಿಗೆ ಕರೆಂಟ್ ಸಾಲುತ್ತಿಲ್ಲ. ತಿರುವಿನಲ್ಲೋ ಏರಿನಲ್ಲೋ ಒಮ್ಮೆಗೇ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಅದು ಬಿಸಿಯ ತೊಂದರೆಯಲ್ಲ: ಹಳೇ ಟ್ಯಾಂಕಿನೊಳಗೆ ಪೆಟ್ರೋಲ್ ಒಂದು ಕಡೆ ಸರಿದು ಪಂಪು ಗಾಳಿ ಹೀರಿದೆ.

ಆಗಲೇ ಟ್ಯಾಂಕಿನ ಬಿಸಿಯನ್ನೂ ಅಳೆಯಿರಿ. ಹೊಳೆಯುವ ತಗಡಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಸುಳ್ಳು ಹೇಳುತ್ತದೆ. ಟ್ಯಾಂಕಿನ ತಳಕ್ಕೆ, ಪೆಟ್ರೋಲ್ ಮಟ್ಟಕ್ಕಿಂತ ಕೆಳಗೆ, ಅಂಗೈ ಅಗಲದ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಹೊರಡುವಾಗ ಒಂದು ಸಲ, ಗಾಡಿ ನಿಂತಾಗ ಒಂದು ಸಲ. ಎರಡರ ನಡುವಿನ ವ್ಯತ್ಯಾಸ 15 ಡಿಗ್ರಿ ದಾಟಿದ್ದರೆ 5ನೇ ಹಂತವನ್ನು ಎರಡು ಸಲ ಓದಿ.

ಹಂತ 3: ಟ್ಯಾಂಕಿಗೆ ಉಸಿರಿದೆಯೇ?

ಖರ್ಚಿಲ್ಲದ ಪರೀಕ್ಷೆ. ತೊಂದರೆ ಬಂದ ಕೂಡಲೇ ಟ್ಯಾಂಕಿನ ಮುಚ್ಚಳ ನಿಧಾನವಾಗಿ ತಿರುಗಿಸಿ. ಗಾಳಿ ಒಳಕ್ಕೆ ಸುಯ್ಯೆಂದು ಎಳೆದುಕೊಂಡರೆ ವೆಂಟ್ (ಟ್ಯಾಂಕಿಗೆ ಗಾಳಿಯಾಡುವ ದಾರಿ) ಕಟ್ಟಿದೆ. ಟ್ಯಾಂಕಿನೊಳಗೆ ನಿರ್ವಾತ ಕಟ್ಟಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತಿದೆ. ಹೊರಕ್ಕೆ ಬುಸ್ಸೆಂದರೆ ಪೆಟ್ರೋಲ್ ಕಾದಿದೆ, ಆವಿಗೆ ಹೋಗಲು ದಾರಿಯಿಲ್ಲ. ಆಗ ಮುಖ ದೂರವಿರಲಿ. ಕಾರ್ಬುರೇಟರ್ ಕಾಲದ ಆವಿ ಪೈಪನ್ನು ಎಂಜಿನ್ ಬದಲಿಸುವಾಗ ಬೋಲ್ಟ್ ಹಾಕಿ ಮುಚ್ಚಿಬಿಟ್ಟಿರುವುದನ್ನು ಎಷ್ಟೋ ಗಾಡಿಗಳಲ್ಲಿ ಕಾಣಬಹುದು. ಅದನ್ನು ಚಾರ್‌ಕೋಲ್ ಕ್ಯಾನಿಸ್ಟರಿಗೆ (ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲ ಡಬ್ಬಿಗೆ) ಮತ್ತೆ ಜೋಡಿಸಿ. ಜೊತೆಗೆ ಗಾಡಿ ಮಗುಚಿದರೆ ಪೆಟ್ರೋಲ್ ಸುರಿಯದಂತೆ ರೋಲ್‌ಓವರ್ ವಾಲ್ವ್ ಹಾಕಿ.

ಹಂತ 4: ಪಂಪಿನ ಹಿಂದಿನ ಎರಡು ಅಡಿ

ಈ ಬರಹದ ಹೂರಣ ಇಲ್ಲಿದೆ.

ಇತ್ತೀಚೆಗೆ ಬಂದ ಒಂದು ಜಿಪ್ಸಿಯ ಸ್ಥಿತಿ ಹೇಳುತ್ತೇನೆ, ಇದು ತೀರಾ ಸಾಮಾನ್ಯವಾದ ಜೋಡಣೆ. ಟ್ಯಾಂಕು ಹಳೆಯದೇ. ಅದರ ಹಳೇ ಸಣ್ಣ ಪಿಕಪ್ ಪೈಪೇ ಹೀರುವ ದಾರಿ. ಅಲ್ಲಿಂದ ಹೋಸು ಛಾಸಿ ಮೇಲಕ್ಕೆ ಏರಿ, ಒಂದು ಪೇಪರ್ ಫಿಲ್ಟರ್ ದಾಟಿ, ಟ್ಯಾಂಕಿನ ಮೇಲಂಚಿನ ಮಟ್ಟದಲ್ಲಿ, ಟ್ಯಾಂಕಿನ ಹೊರಗೆ ಲೈನಿನ ನಡುವೆ ಕೂರಿಸಿದ ಇನ್‌ಲೈನ್ ಪಂಪಿಗೆ. ಪಂಪಿನಿಂದ ಒಂದು ಗೇಣು ದೂರದಲ್ಲಿ ಸೈಲೆನ್ಸರ್. ಎಂಜಿನ್ ಕೆಲಸ ಮಾತ್ರ ಬಹಳ ಅಚ್ಚುಕಟ್ಟು, ವೈರಿಂಗ್‌ಗೂ ಹೆಸರಿಡುವಂತಿಲ್ಲ. ಆದರೆ ಪೆಟ್ರೋಲ್ ಕುದಿಸಲು ಬೇಕಾದ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟಿತ್ತು.

ಇಂಥದ್ದನ್ನು ಹೀಗೆ ಸರಿಪಡಿಸಿ. ಪಂಪನ್ನು ಟ್ಯಾಂಕಿನ ತಳದ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ತನ್ನಿ, ಪೆಟ್ರೋಲ್ ತನ್ನ ಭಾರಕ್ಕೇ ಪಂಪಿನ ಬಾಯಿಗೆ ಇಳಿಯಬೇಕು. ಕಲ್ಲು ತಾಗದಂತೆ ಕೆಳಗೊಂದು ಗಾರ್ಡ್ ಇರಲಿ. ಟ್ಯಾಂಕಿಗೂ ಪಂಪಿಗೂ ದೂರ ಆದಷ್ಟು ಕಡಿಮೆ, ಹೋಸು ಎಲ್ಲೂ ಮೇಲೇರಿ ಇಳಿಯಬಾರದು. ಏರಿದ ಕಡೆ ಆವಿ ಸೇರಿಕೊಳ್ಳುತ್ತದೆ. ಹೀರುವ ಪೈಪಿನ ಒಳ ಅಳತೆ ಕನಿಷ್ಠ 8 ಮಿ.ಮೀ., ಸಾಧ್ಯವಾದರೆ 10. ಪಂಪಿನ ಹಿಂದೆ ಸೂಕ್ಷ್ಮ ಪೇಪರ್ ಫಿಲ್ಟರ್ ಬೇಡವೇ ಬೇಡ. ಅಲ್ಲಿ 100 ಮೈಕ್ರಾನ್ ಜಾಲರಿ ಸಾಕು. 10 ಮೈಕ್ರಾನ್‌ನ ಇಂಜೆಕ್ಷನ್ ಫಿಲ್ಟರ್ ಪಂಪಿನ ಮುಂದೆ, ಒತ್ತಡವಿರುವ ಕಡೆ ಇರಬೇಕು. ಎರಡನ್ನೂ ಅದಲುಬದಲು ಮಾಡಿದ ಗಾಡಿ ಚಳಿಗಾಲದಲ್ಲಿ ಓಡಿ, ಬೇಸಿಗೆಯಲ್ಲಿ ಮಾತ್ರ ನಿಲ್ಲುತ್ತದೆ.

ಹಳೇ ಮೆಕ್ಯಾನಿಕಲ್ ಪಂಪು ಲೈನಿನಲ್ಲಿ ಎಲ್ಲಾದರೂ ಉಳಿದಿದ್ದರೆ ತೆಗೆದುಹಾಕಿ.

ಟ್ಯಾಂಕಿನ ಒಳಗನ್ನೂ ಟಾರ್ಚ್ ಹಾಕಿ ನೋಡಿ (ಮೊಬೈಲ್ ಬೇಡ, ಕಿಡಿ ಹಾರದ ಇನ್‌ಸ್ಪೆಕ್ಷನ್ ಲ್ಯಾಂಪ್ ಬಳಸಿ). ತುಕ್ಕು ಹಿಡಿದಿದ್ದರೆ ಜಾಲರಿ ಎಷ್ಟು ಬದಲಿಸಿದರೂ ತಿಂಗಳಲ್ಲಿ ಕಟ್ಟುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ಟ್ಯಾಂಕಿನ ಅಂಟು, ಕೊಳೆಗಳನ್ನು ಎಬ್ಬಿಸಿ ತರುವುದರಿಂದ ಈಗ ಇದು ಇನ್ನೂ ಜಾಸ್ತಿ.

ಇಷ್ಟೆಲ್ಲ ಮಾಡುವ ಬದಲು ಪಂಪನ್ನು ಟ್ಯಾಂಕಿನೊಳಗೇ ಇಟ್ಟರೆ? ಅದೇ ಸರಿಯಾದ ದಾರಿ, ಕಾರ್ಖಾನೆಗಳು ಮಾಡುವುದೂ ಅದನ್ನೇ. ಪೆಟ್ರೋಲ್‌ನಲ್ಲಿ ಮುಳುಗಿದ ಪಂಪಿಗೆ ಹೀರುವ ಕೆಲಸವೇ ಇಲ್ಲ. ಎಂಪಿಎಫ್ಐ ಜಿಪ್ಸಿಯ ಟ್ಯಾಂಕು ಪಂಪಿನ ಸಮೇತ ಸಿಕ್ಕರೆ, ಇನ್‌ಲೈನ್ ಪಂಪಿಗೆ ದುಡ್ಡು ಹಾಕುವುದನ್ನು ಬಿಟ್ಟು ಅದನ್ನು ಕೊಳ್ಳಿ. ಹಳೇ ಟ್ಯಾಂಕನ್ನೇ ಕೊರೆದು ಪಂಪು ಇಳಿಸುವವರು ಒಳಗೆ ತಡೆಗೋಡೆಯಿರುವ ಒಂದು ಬಟ್ಟಲನ್ನೂ ಕೂರಿಸಬೇಕು, ಇಲ್ಲವಾದರೆ ಸಕಲೇಶಪುರದ ತೋಟದ ರಸ್ತೆಯಲ್ಲಿ ಗಾಡಿ ವಾಲಿದಾಗಲೆಲ್ಲ ಪಂಪು ಗಾಳಿ ನುಂಗುತ್ತದೆ. ಟ್ಯಾಂಕಿಗೆ ವೆಲ್ಡಿಂಗ್ ಮಾಡುವ ಕೆಲಸವನ್ನು ಅದನ್ನೇ ಕಸುಬಾಗಿ ಮಾಡುವವರಿಗೆ ಬಿಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರುವುದೆಲ್ಲ ಆವಿ.

ಸರ್ಜ್ ಟ್ಯಾಂಕ್ ಬಗ್ಗೆ ಒಂದು ಮಾತು. ಒಂದೆರಡು ಲೀಟರ್ ಹಿಡಿಯುವ ಸಣ್ಣ ಟ್ಯಾಂಕು, ಅದನ್ನು ತುಂಬಲು ಕಡಿಮೆ ಒತ್ತಡದ ಇನ್ನೊಂದು ಪಂಪು. ಗಾಳಿ ಹೀರುವ ತೊಂದರೆಗೆ ಒಳ್ಳೆಯ ಮದ್ದು. ಬಿಸಿಗೆ ಮಾತ್ರ ಕೆಟ್ಟ ಮದ್ದು: ರೈಲಿನಿಂದ ಮರಳುವ ಬಿಸಿ ಪೆಟ್ರೋಲ್ ಆ ಒಂದೆರಡು ಲೀಟರಿನಲ್ಲೇ ಸುತ್ತುತ್ತಿರುತ್ತದೆ. ಹಾಕಲೇಬೇಕಾದರೆ ಬಾನೆಟ್ ಕೆಳಗೆ ಹಾಕಬೇಡಿ. ಅದನ್ನು ತುಂಬುವ ಲಿಫ್ಟ್ ಪಂಪು ಚೆನ್ನಾಗಿ ಹರಿಸುವಂಥದ್ದಿರಲಿ, ಸರ್ಜ್ ಟ್ಯಾಂಕಿನ ಮೇಲ್ತುದಿಯಿಂದ ದೊಡ್ಡ ಟ್ಯಾಂಕಿಗೆ ಸದಾ ಮರಳಿ ಹರಿಯುತ್ತಿರಲಿ.

ಹಂತ 5: ಮರಳಿ ಬರುವ ಬಿಸಿ, ಮತ್ತು ದೊಡ್ಡ ಪಂಪಿನ ಮೋಹ

ಗಂಟೆಗೆ 255 ಲೀಟರ್ ತಳ್ಳುವ ಪಂಪು ಹಾಕಿಸಿದೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. 80 ಅಶ್ವಶಕ್ತಿಯ 1.3 ಲೀಟರ್ ಎಂಜಿನ್ ಪೂರ್ತಿ ಎಕ್ಸಲೇಟರ್‌ನಲ್ಲಿ ಕುಡಿಯುವುದೇ ಗಂಟೆಗೆ 25 ಲೀಟರ್ ಆಸುಪಾಸು. ಐಡಲ್‌ನಲ್ಲಿ ಒಂದು ಲೀಟರ್. ಮಿಕ್ಕಿದ್ದೆಲ್ಲ ಬಿಸಿ ಎಂಜಿನ್ ತನಕ ಹೋಗಿ, ರೈಲಿನಲ್ಲಿ ಕಾಯ್ದು, ವಾಪಸ್ ಟ್ಯಾಂಕಿಗೆ. ಟ್ಯಾಂಕಿನಲ್ಲಿ 10 ಲೀಟರ್ ಉಳಿದಿದ್ದರೆ ಅಷ್ಟೂ ಪೆಟ್ರೋಲ್ ಸುಮಾರು ಎರಡೂವರೆ ನಿಮಿಷಕ್ಕೊಮ್ಮೆ ಎಂಜಿನ್ ಮುಟ್ಟಿ ಬರುತ್ತದೆ.

ಇದಲ್ಲದೆ ಅಂಥ ಪಂಪು 8ರಿಂದ 10 ಆಂಪಿಯರ್ ಎಳೆಯುತ್ತದೆ. ಅಂದರೆ ನೂರು ವಾಟ್‌ಗೂ ಹೆಚ್ಚು, ಅದೂ ಹೆಚ್ಚುಕಡಿಮೆ ಪೂರ್ತಿ ಪೆಟ್ರೋಲ್ ಕಾಯಿಸುವುದಕ್ಕೇ ಹೋಗುತ್ತದೆ. ತಂಪಾಗಲು ದಾರಿಯೇ ಇಲ್ಲವೆಂದುಕೊಂಡರೆ 10 ಲೀಟರ್ ಪೆಟ್ರೋಲನ್ನು ಗಂಟೆಗೆ 20 ಡಿಗ್ರಿಗೂ ಮೇಲೆ ಏರಿಸಬಲ್ಲ ಶಾಖ ಅದು. ಟ್ರಾಫಿಕ್‌ನಲ್ಲಿ ಕಾದ ಡಾಂಬರಿನ ಮೇಲೆ ನಿಂತ ಗಾಡಿಯಲ್ಲಿ ತಂಪಾಗುವ ದಾರಿ ನಿಜಕ್ಕೂ ಕಡಿಮೆ.

ಈ ಎಂಜಿನ್ನಿಗೆ 3 ಬಾರ್‌ನಲ್ಲಿ ಗಂಟೆಗೆ 80–100 ಲೀಟರ್ ಕೊಡುವ ಪಂಪು ಧಾರಾಳವಾಯಿತು. ಪಂಪು ಬಿಸಿಯಲ್ಲೂ ಅಷ್ಟು ಕೊಡುತ್ತಿದೆಯೇ ನೋಡಲು ರಿಟರ್ನ್ ಹೋಸನ್ನು ಡಬ್ಬಕ್ಕೆ ಬಿಟ್ಟು, ಎಂಜಿನ್ ಆಫ್ ಇಟ್ಟು ಪಂಪು ಮಾತ್ರ 30 ಸೆಕೆಂಡ್ ಓಡಿಸಿ. 100 ಲೀಟರಿನ ಪಂಪಾದರೆ ಮುಕ್ಕಾಲು ಲೀಟರಿಗೆ ಕಡಿಮೆ ಬರಬಾರದು. ಇದನ್ನು ಬೆಳಿಗ್ಗೆ ಒಮ್ಮೆ, ಗಾಡಿ ಕಾದ ಮೇಲೆ ಒಮ್ಮೆ ಮಾಡಿ. ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಕಾದ ಗಾಡಿಯಲ್ಲಿ ಮಾಡುವಾಗ ಹೋಸಿನ ತುದಿಯನ್ನು ಸೈಲೆನ್ಸರ್‌ನಿಂದ ದೂರ, ಬಯಲಲ್ಲಿ ಇಟ್ಟುಕೊಳ್ಳಿ.

ಪಂಪು ಬದಲಿಸಿದ ಮೇಲೂ ಟ್ಯಾಂಕು ಕಾಯುತ್ತಿದ್ದರೆ ರೆಗ್ಯುಲೇಟರನ್ನು ಎಂಜಿನ್ನಿಂದ ಟ್ಯಾಂಕಿನ ಹತ್ತಿರಕ್ಕೆ ತನ್ನಿ. ಆಗ ಹೆಚ್ಚುವರಿ ಪೆಟ್ರೋಲ್ ಅಲ್ಲಿಂದಲೇ ಹಿಂದಿರುಗುತ್ತದೆ, ಎಂಜಿನ್ನಿಗೆ ಹೋಗುವುದು ಎಂಜಿನ್ ಕುಡಿಯುವಷ್ಟೇ. ಇದಕ್ಕೂ ಬೆಲೆಯಿದೆ: ರೈಲಿನಲ್ಲಿ ನಿಂತ ಪೆಟ್ರೋಲ್ ಹರಿದು ತಂಪಾಗುವುದಿಲ್ಲ, ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಸ್ವಲ್ಪ ಕಾಡಬಹುದು. ವ್ಯಾಕ್ಯೂಮ್ ಪೈಪು ಕಳಚುವುದರಿಂದ ಇಸಿಯು ಟ್ಯೂನಿಂಗ್ ಕೂಡ ಬದಲಿಸಬೇಕಾಗುತ್ತದೆ. ಓಡುವಾಗ ನಿಲ್ಲುವ ಗಾಡಿಗೆ ಇದು ಲಾಭ, ಸ್ಟಾರ್ಟ್ ಆಗದ ಗಾಡಿಗೆ ಅಲ್ಲ.

ಹಂತ 6: ಪಂಪಿಗೆ ಕರೆಂಟ್

ಎಂಜಿನ್ ಓಡುತ್ತಿರುವಾಗ ಪಂಪಿನ ಎರಡು ಟರ್ಮಿನಲ್ ನಡುವೆಯೇ ವೋಲ್ಟೇಜ್ ಅಳೆಯಿರಿ. 13 ವೋಲ್ಟಿಗೆ ಮೇಲಿರಬೇಕು. 11.5 ಬಂದರೆ ಹಳೇ ವೈರಿಂಗ್‌ನಿಂದಲೇ ಕರೆಂಟ್ ಎಳೆದಿದ್ದಾರೆ ಎಂದರ್ಥ. ಬ್ಯಾಟರಿಯಿಂದ ಫ್ಯೂಸ್, ರಿಲೇ ಮೂಲಕ 2.5 ಚದರ ಮಿ.ಮೀ. ವೈರ್ ನೇರವಾಗಿ ತನ್ನಿ, ಅರ್ತ್ ಅನ್ನು ಬಣ್ಣ ಕೆರೆದ ಛಾಸಿಗೆ ಗಟ್ಟಿಯಾಗಿ ಬಿಗಿಯಿರಿ. ರಿಲೇ ಇಸಿಯು ಹಿಡಿತದಲ್ಲೇ ಇರಲಿ. ಅಪಘಾತವಾಗಿ ಎಂಜಿನ್ ನಿಂತಾಗಲೂ ಪಂಪು ಓಡುತ್ತಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಂತ 7: ಪೈಪು, ಹೋಸು, ಕ್ಲಾಂಪ್

ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಹೋಗುವ ಲೈನನ್ನು ಛಾಸಿಯ ಆಚೆ ಬದಿಗೆ ಸರಿಸಿ. ಸರಿಸಲಾಗದ ಕಡೆ ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿ, ತಗಡಿಗೂ ಲೈನಿಗೂ ಬೆರಳು ತೂರುವಷ್ಟು ಸಂದಿ ಬಿಟ್ಟು. ಆ ಸಂದಿಯ ಗಾಳಿಯೇ ಬಿಸಿ ತಡೆಯುವುದು, ತಗಡನ್ನು ಲೈನಿಗೆ ಅಂಟಿಸಿದರೆ ಅದೇ ಕಾಯ್ದು ಬಿಸಿ ದಾಟಿಸುತ್ತದೆ. ಬೆಳ್ಳಿ ಬಣ್ಣದ ಶಾಖ ತಡೆಯುವ ಸ್ಲೀವ್ ಸಿಗುತ್ತದೆ, ಪರವಾಗಿಲ್ಲ; ಆದರೆ ಬರೀ ಅದನ್ನೇ ನಂಬಿಕೊಂಡು 4ನೇ ಹಂತ ಬಿಟ್ಟವರ ಗಾಡಿ ಮತ್ತೆ ನಿಲ್ಲುತ್ತದೆ.

ಹೋಸಿನಲ್ಲಿ ಉಳಿತಾಯ ಬೇಡ. ಎಸ್‌ಎಇ 30ಆರ್7 ಎಂದು ಬರೆದಿರುವುದು ಕಾರ್ಬುರೇಟರ್ ಕಾಲದ ಕಡಿಮೆ ಒತ್ತಡಕ್ಕೆ. ಇಂಜೆಕ್ಷನ್‌ಗೆ 30ಆರ್9 ಬೇಕು. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ 30ಆರ್10 ಬೇರೆಯೇ ಇದೆ. ಆರ್9 ಅನ್ನು ಪೆಟ್ರೋಲ್‌ನಲ್ಲಿ ಮುಳುಗಿಸಿದರೆ ಹೊರಮೈ ಉಬ್ಬಿ ಕರಗುತ್ತದೆ. ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಎಥನಾಲ್ ತಡೆಯುವ ಹೋಸೇ ಎಂದು ಕೇಳಿ ಕೊಳ್ಳಿ. ಹಲ್ಲಿನ ಸ್ಕ್ರೂ ಕ್ಲಾಂಪ್ ಹೋಸನ್ನು ಕತ್ತರಿಸುತ್ತದೆ, ಅಂಚು ಮಡಚಿದ ಇಂಜೆಕ್ಷನ್ ಕ್ಲಾಂಪ್ ಹಾಕಿ.

ಹಂತ 8: ಓಡುವಾಗ ಸರಿ, ನಿಲ್ಲಿಸಿದರೆ ಸ್ಟಾರ್ಟ್ ಇಲ್ಲ

ಇದು ಬೇರೆ ಕಾಯಿಲೆ. ಎಂಜಿನ್ ಆಫ್ ಮಾಡಿದ ಮೇಲೆ ಫ್ಯಾನು, ಗಾಳಿ, ನೀರಿನ ಹರಿವು ಎಲ್ಲ ನಿಂತು ಬಾನೆಟ್ ಕೆಳಗಿನ ಬಿಸಿ ಇನ್ನೂ ಏರುತ್ತದೆ. ಚಹಾ ಕುಡಿದು ಬರುವ ಕಾಲು ಗಂಟೆ, ಇಪ್ಪತ್ತು ನಿಮಿಷವೇ ಅತಿ ಕೆಟ್ಟ ಹೊತ್ತು. ಆಗ ರೈಲಿನ ಒತ್ತಡ ಉಳಿದಿದ್ದರೆ ಪೆಟ್ರೋಲ್ ಕುದಿಯುವುದಿಲ್ಲ.

ಆಫ್ ಮಾಡಿ ಗೇಜ್ ನೋಡಿ. ಐದು ನಿಮಿಷದ ಮೇಲೂ 2 ಬಾರ್ ಆಸುಪಾಸು ನಿಂತಿರಬೇಕು. ಸರಸರ ಇಳಿದರೆ ಮತ್ತೆ ಒತ್ತಡ ಕಟ್ಟಿ, ಆಫ್ ಮಾಡಿದ ಕೂಡಲೇ ನಯವಾದ ಬಾಯಿಯ ಕ್ಲಾಂಪ್‌ನಿಂದ ರಿಟರ್ನ್‌ನ ರಬ್ಬರ್ ಹೋಸನ್ನು ಒತ್ತಿ ಹಿಡಿಯಿರಿ. ಒತ್ತಡ ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ಇಲ್ಲದಿದ್ದರೆ ಪಂಪಿನಿಂದ ಬರುವ ಹೋಸನ್ನು ಒತ್ತಿ. ಈಗ ನಿಂತರೆ ಪಂಪಿನೊಳಗಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಹೋಗಿದೆ. ಎರಡನ್ನೂ ಒತ್ತಿದರೂ ಇಳಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಆಗ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಲ್ಲ, ಜಾಸ್ತಿಯಾಗಿರುತ್ತದೆ. ಎಕ್ಸಲೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಕಪ್ಪು ಹೊಗೆಯೊಂದಿಗೆ ಎದ್ದರೆ ಇದೇ ಎಂದು ತಿಳಿಯಿರಿ.

ಒತ್ತಡ ನಿಂತಿದ್ದೂ ಒಂದು ನಿಮಿಷ ತಡವರಿಸಿ ಆಮೇಲೆ ಸರಿಯಾದರೆ ಗಾಳಿಯ ಬಿಸಿ ಅಳೆಯುವ ಸೆನ್ಸರ್ ನೋಡಿ. ಕಾದ ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿದ ಸೆನ್ಸರ್ 70–80 ಡಿಗ್ರಿ ಹೇಳಿದರೆ ಇಸಿಯು ಪೆಟ್ರೋಲ್ ಕಡಿತ ಮಾಡುತ್ತದೆ. ಅದನ್ನು ಏರ್ ಫಿಲ್ಟರ್ ಬಳಿಯ ಪ್ಲಾಸ್ಟಿಕ್ ಪೈಪಿಗೆ ಸಾಗಿಸಿ. ಟ್ಯೂನ್ ಮಾಡಬಹುದಾದ ಇಸಿಯು ಇದ್ದರೆ ಕಾದ ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡಿಗೆ ಪೆಟ್ರೋಲ್ ಸ್ವಲ್ಪ ಏರಿಸಿ. ಕೊನೆಯಲ್ಲಿ ಮಾಡಬೇಕಾದ ಈ ಕೆಲಸವನ್ನು ಬಹಳ ಜನ ಮೊದಲು ಮಾಡುತ್ತಾರೆ, ಆಮೇಲೆ ಯಾವುದು ಯಾವುದರಿಂದ ಎಂದು ಯಾರಿಗೂ ತಿಳಿಯುವುದಿಲ್ಲ.

ದಾರಿಯಲ್ಲಿ ನಿಂತುಬಿಟ್ಟರೆ

ನೆರಳಿಗೆ ತಳ್ಳಿ, ಬಾನೆಟ್ ಎತ್ತಿ. ಮುಚ್ಚಳ ನಿಧಾನಕ್ಕೆ ಸಡಿಲಿಸಿ ಮತ್ತೆ ಮುಚ್ಚಿ. ಒದ್ದೆ ಬಟ್ಟೆ ಹಾಕುವುದಿದ್ದರೆ ಎಂಜಿನ್ ಮೇಲಲ್ಲ, ಟ್ಯಾಂಕಿನ ತಳಕ್ಕೆ ಮತ್ತು ಹೊರಗಿನ ಪಂಪಿಗೆ. ಕಾದ ಸೈಲೆನ್ಸರ್, ಮ್ಯಾನಿಫೋಲ್ಡ್ ಮೇಲೆ ನೀರು ಬೀಳಬಾರದು, ಎರಕದ ಕಬ್ಬಿಣ ಬಿರಿಯುತ್ತದೆ. ಹತ್ತು ನಿಮಿಷದ ನಂತರ ಕೀಲಿಯನ್ನು ಸೆಲ್ಫ್‌ಗೆ ತಿರುಗಿಸದೆ ಮೂರು ಸಲ ಆನ್–ಆಫ್ ಮಾಡಿ, ಪ್ರತಿ ಸಲ ಪಂಪು ಎರಡು ಸೆಕೆಂಡ್ ಗುಂಯ್‌ಗುಟ್ಟಿ ಗುಳ್ಳೆಯನ್ನು ತಳ್ಳುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ಮೊದಲು ಸಿಗುವ ಬಂಕಿನಲ್ಲಿ ಟ್ಯಾಂಕು ತುಂಬಿಸಿ. ನೆಲದಡಿಯ ಪೆಟ್ರೋಲ್ ನಿಮ್ಮ ಟ್ಯಾಂಕಿನದ್ದಕ್ಕಿಂತ ಎಷ್ಟೋ ತಂಪು, ಅಂದಿನ ಪ್ರಯಾಣ ಮುಗಿಸಲು ಅಷ್ಟು ಸಾಕು.

ಕೆಲಸವೆಲ್ಲ ಮುಗಿದ ಮೇಲೆ ಪರೀಕ್ಷೆಯನ್ನು ಬೆಳಿಗ್ಗೆ ಮಾಡಬೇಡಿ. ಟ್ಯಾಂಕಿನಲ್ಲಿ ಕಾಲುಭಾಗ, ಹೊರಗೆ 40 ಡಿಗ್ರಿ, ಗೇಜ್ ಗಾಜಿನ ಮೇಲೆ. ಒಂದು ಗಂಟೆ ಓಡಿಸಿ, 20 ನಿಮಿಷ ಆಫ್ ಮಾಡಿ ಬಿಸಿಲಲ್ಲೇ ಬಿಡಿ, ಸ್ಟಾರ್ಟ್ ಮಾಡಿ, 10 ನಿಮಿಷ ಐಡಲ್‌ನಲ್ಲಿ ನಿಲ್ಲಿಸಿ, ಆಮೇಲೆ ಎರಡನೇ ಗೇರಿನಲ್ಲಿ ಒಂದು ಏರು ಹತ್ತಿಸಿ. ಅಲ್ಲೂ ಮುಳ್ಳು ನಡುಗದಿದ್ದರೆ ಟಿ-ಜಾಯಿಂಟ್ ಬಿಚ್ಚಿ ಹೋಸನ್ನು ಮೊದಲಿನಂತೆ ಕೂರಿಸಿ. ಗೇಜ್ ಸದಾ ಬೇಕು ಎನ್ನುವವರು ರೈಲಿಗೆ ಎಲೆಕ್ಟ್ರಿಕ್ ಸೆನ್ಸರ್ ಹಾಕಿಸಿ ಡ್ಯಾಶ್‌ಬೋರ್ಡಿಗೆ ವೈರ್ ಮಾತ್ರ ತರಲಿ.